ಪಕ್ಕದ ಓಣಿಯಲ್ಲಿ ದಡಾರ: ಏಳು ತಿಂಗಳ ಮಗುವಿಗೂ ಲಸಿಕೆ ಹಾಕಿಸಬೇಕೆ?

ಪ್ರಶ್ನೆ: ಡಾಕ್ಟರೇ, ನಾವಿರುವುದು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ. ಪಕ್ಕದ ಓಣಿಯಲ್ಲಿ ಈ ಮೂರು ವಾರದಲ್ಲಿ ಮೂರು ಮಕ್ಕಳಿಗೆ ದಡಾರ (ನಮ್ಮ ಕಡೆ ಗೊಬ್ಬರ ಅಂತೀವಿ) ಬಂದಿದೆ. ಒಂದು ಮಗು ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದೆ. ಮಗಳ ಶಾಲೆಯ ಪೋಷಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಲಸಿಕೆ ಬೇಕು, ಬೇಡ ಎಂದು ದೊಡ್ಡ ಜಗಳವೇ ನಡೆದಿದೆ. ಮಗಳಿಗೆ ನಾಲ್ಕು ವರ್ಷ. ಒಂಬತ್ತು ತಿಂಗಳಿಗೆ ಒಂದು ಡೋಸ್ ಹಾಕಿಸಿದ್ದೆವು. ಎರಡನೆಯದರ ಹೊತ್ತಿಗೆ ಜ್ವರ ಬಂತು, ಆಮೇಲೆ ಮನೆ ಬದಲಾಯಿಸಿದೆವು, ಹಾಗೇ ಉಳಿದುಹೋಯಿತು. ಮಗನಿಗೆ ಈಗ ಏಳು ತಿಂಗಳು. ಯಜಮಾನರು ರಾಮದುರ್ಗದಲ್ಲಿ ಇದೇ ಇಂಜೆಕ್ಷನ್‌ನಿಂದ ಮಕ್ಕಳು ತೀರಿಕೊಂಡಿದ್ದನ್ನು ನೆನಪಿಸಿ, "ಗಲಾಟೆ ತಣ್ಣಗಾಗಲಿ, ಆಮೇಲೆ ನೋಡೋಣ" ಅನ್ನುತ್ತಾರೆ. ಅತ್ತೆಯವರದು, ಅಮ್ಮ ಬಂದರೆ ಬೇವಿನ ಸೊಪ್ಪು ಸಾಕು ಎಂಬ ಮಾತು. ಮೈದುನ, ರೋಗ ಸಹಜವಾಗಿ ಬಂದು ಹೋದರೇ ಮೈ ಗಟ್ಟಿ ಅನ್ನುತ್ತಾನೆ. ದಡಾರ ಬಂದ ಮೂವರಲ್ಲಿ ಒಂದು ಮಗುವಿಗೆ ಲಸಿಕೆ ಆಗಿತ್ತಂತೆ! ಜೊತೆಗೆ ನಾದಿನಿ ಏಳು ತಿಂಗಳ ಬಸುರಿ, ಸೀಮಂತ ಮುಗಿಸಿಕೊಂಡು ನಮ್ಮಲ್ಲಿಗೆ ಬಂದಿದ್ದಾಳೆ. ಏನು ಮಾಡಲಿ? ಗ್ರೂಪಿನಲ್ಲಿ ಏನು ಹೇಳಲಿ?

ಉತ್ತರ: ಗ್ರೂಪಿನ ವಿಷಯ ಒಂದೆರಡು ದಿನ ಕಾಯುತ್ತದೆ. ಮನೆಯ ವಿಷಯಕ್ಕೆ ಅಷ್ಟು ಬಿಡುವಿಲ್ಲ, ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ಮಗಳಿಗೆ ಎರಡನೇ ಡೋಸ್ ನಾಳೆಯೇ ಹಾಕಿಸಿ. ಅದು 16ರಿಂದ 24 ತಿಂಗಳ ನಡುವೆ ಆಗಬೇಕಿತ್ತು, ಆಗಲಿಲ್ಲ. ಆದರೆ ತಡವಾಯಿತು ಎಂದು ಮೊದಲ ಡೋಸ್ ದಂಡವಾಗುವುದಿಲ್ಲ, ಮತ್ತೆ ಒಂದರಿಂದ ಎಣಿಸಬೇಕಾಗಿಯೂ ಇಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ತಪ್ಪಿಹೋದ ಡೋಸನ್ನು ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ಮನೆ ಬದಲಾಯಿಸುವಾಗ ಕಳೆದಿದ್ದರೆ ಬರಿಗೈಯಲ್ಲೇ ಹೋಗಿ. ಮೂಗು ಸೋರುತ್ತಿದೆ, ನಿನ್ನೆ ಭೇದಿ ಆಗಿತ್ತು, ಮೈ ಸ್ವಲ್ಪ ಬೆಚ್ಚಗಿದೆ ಎಂಬ ಯಾವ ಕಾರಣಕ್ಕೂ ಮುಂದೂಡಬೇಡಿ.

ಇಷ್ಟು ಅವಸರ ಮಾಡುವುದಕ್ಕೆ ಕಾರಣವಿದೆ. ದಡಾರದ ವೈರಸ್ ಗಾಳಿಯಲ್ಲಿ ಹರಡುತ್ತದೆ. ಸೋಂಕಿತ ಮಗು ಕೋಣೆಯಿಂದ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಅದು ಅಲ್ಲಿನ ಗಾಳಿಯಲ್ಲಿ ಉಳಿದಿರಬಹುದು. ರೋಗನಿರೋಧಕ ಶಕ್ತಿ ಇಲ್ಲದ ಹತ್ತು ಮಂದಿ ಹತ್ತಿರ ಸುಳಿದರೆ ಒಂಬತ್ತು ಮಂದಿಗೆ ತಗಲುತ್ತದೆ. ಅದಕ್ಕಿಂತ ತೊಂದರೆಯ ಸಂಗತಿ, ಮೈಮೇಲೆ ದದ್ದು ಕಾಣುವ ನಾಲ್ಕು ದಿನ ಮೊದಲೇ ಆ ಮಗು ರೋಗ ಹರಡಲು ಶುರುಮಾಡಿರುತ್ತದೆ. ಆಗ ಇರುವುದು ಜ್ವರ, ಕೆಮ್ಮು, ಕೆಂಪು ಕಣ್ಣು, ನೆಗಡಿ ಮಾತ್ರ. ಅಂಥ ಮಗುವನ್ನು ಯಾರು ತಾನೇ ದೂರ ಇಡುತ್ತಾರೆ? ಹಾಗಾಗಿ "ದಡಾರ ಬಂದ ಮನೆಗೆ ನಾವು ಹೋಗಿಲ್ಲ" ಎಂಬ ಧೈರ್ಯ ಸಾಲದು. ಸೋಂಕಿತರ ಸಂಪರ್ಕವಾಗಿ 72 ಗಂಟೆ ಆಗುವುದರೊಳಗೆ ಲಸಿಕೆ ಬಿದ್ದರೆ ರೋಗ ತಪ್ಪುವ, ತಪ್ಪದಿದ್ದರೂ ಹಗುರಾಗುವ ಸಾಧ್ಯತೆ ಇದೆ. ಆ ಗಡಿಯಾರ ಯಾವಾಗ ಶುರುವಾಯಿತು ಎನ್ನುವುದೇ ನಿಮಗೆ ತಿಳಿಯದಿರುವಾಗ ಕಾಯುವುದರಲ್ಲಿ ಅರ್ಥವಿಲ್ಲ.

ಏಳು ತಿಂಗಳ ಮಗನ ವಿಷಯ ತುಸು ಬೇರೆ. ನಮ್ಮ ದೇಶದಲ್ಲಿ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ. ಬಸಿರಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು (ರೋಗಾಣುವಿನ ವಿರುದ್ಧ ಹೋರಾಡುವ ಅಂಶಗಳು) ಅಲ್ಲಿಯವರೆಗೆ ಮಗುವಿನ ರಕ್ತದಲ್ಲಿ ಅಷ್ಟಿಷ್ಟು ಇರುತ್ತವೆ. ಅವು ಲಸಿಕೆಯ ವೈರಸ್ಸನ್ನೂ ಹೊಡೆದುಹಾಕುವುದರಿಂದ ಬೇಗ ಹಾಕಿದ ಲಸಿಕೆ ಚೆನ್ನಾಗಿ ನಾಟುವುದಿಲ್ಲ. ಆದರೆ ಆ ಪ್ರತಿಕಾಯಗಳು ಎಲ್ಲ ಮಕ್ಕಳಲ್ಲೂ ಒಂಬತ್ತು ತಿಂಗಳವರೆಗೆ ಬಾಳುವುದಿಲ್ಲ. ಆರೇಳು ತಿಂಗಳಿಗೇ ಬರಿದಾಗಿ ಕುಳಿತಿರುವ ಮಕ್ಕಳು ಬೇಕಾದಷ್ಟು. 2022ರ ಕೊನೆಯಲ್ಲಿ ಮುಂಬೈಯಲ್ಲಿ, ಅದರಲ್ಲೂ ಗೋವಂಡಿಯಲ್ಲಿ, ದಡಾರ ಹಬ್ಬಿದಾಗ ಕೇಂದ್ರ ಸರ್ಕಾರ ಇದಕ್ಕೆ ದಾರಿ ಹೇಳಿತು: ರೋಗ ಹರಡಿದ ಪ್ರದೇಶದಲ್ಲಿ ಒಟ್ಟು ಪ್ರಕರಣಗಳ ಪೈಕಿ ಶೇ. 10ಕ್ಕಿಂತ ಹೆಚ್ಚು ಒಂಬತ್ತು ತಿಂಗಳೊಳಗಿನ ಮಕ್ಕಳಲ್ಲಿ ಕಂಡರೆ, ಆರು ತಿಂಗಳು ತುಂಬಿದವರಿಗೂ ಒಂದು ಡೋಸ್ ಕೊಡಬಹುದು. ಅದನ್ನು 'ಜೀರೋ ಡೋಸ್' ಎಂದು ಕರೆಯುತ್ತಾರೆ, ಅಂದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂಬತ್ತು ತಿಂಗಳಿನದು, ಒಂದೂವರೆ ವರ್ಷದ್ದು ಎರಡೂ ಮತ್ತೆ ಆಗಲೇಬೇಕು. ನಿಮ್ಮ ಊರಿನಲ್ಲಿ ಅಂಥ ಆದೇಶ ಬಂದಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನೋ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನೋ ಕೇಳಿ. ಬಂದಿರದಿದ್ದರೂ ರೋಗ ಪಕ್ಕದ ಓಣಿಯಲ್ಲೇ ಇರುವುದರಿಂದ ಮಗುವನ್ನು ನೋಡುತ್ತಿರುವ ವೈದ್ಯರ ಜೊತೆ ಇದೇ ವಾರ ಮಾತಾಡಿ. ನನ್ನ ಬಳಿ ಬಂದಿದ್ದರೆ ಹಾಕಿಸಿ ಎಂದೇ ಹೇಳುತ್ತಿದ್ದೆ. ಎದೆಹಾಲು ನಿಲ್ಲಿಸಬೇಡಿ, ನಾಮಕರಣ, ಜಾತ್ರೆ ಎಂದು ಈ ತಿಂಗಳು ಅವನನ್ನು ಎತ್ತಿಕೊಂಡು ತಿರುಗಬೇಡಿ.

ನಾದಿನಿಗೆ ಈಗ ಈ ಲಸಿಕೆ ಕೂಡದು. ಬಸುರಿಯರಿಗೆ ಜೀವಂತ ವೈರಸ್ಸಿನ ಲಸಿಕೆ ಕೊಡುವುದಿಲ್ಲ. ಆದರೆ ದಡಾರವೇನಾದರೂ ಬಂದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ತಾಯಿಗೆ ನ್ಯುಮೋನಿಯಾ ಆಗುವ ಭಯ ಇದೆ. ಅವರಿಗೆ ಚಿಕ್ಕಂದಿನಲ್ಲಿ ರೋಗ ಬಂದಿತ್ತೇ, ಲಸಿಕೆ ಆಗಿತ್ತೇ ಎಂದು ನಿಮ್ಮ ಅತ್ತೆಯವರನ್ನೇ ಕೇಳಿ. ಗೊತ್ತಿಲ್ಲವೆಂದರೆ ಹೆರಿಗೆ ವೈದ್ಯರು ರಕ್ತಪರೀಕ್ಷೆಯಿಂದ ತಿಳಿಯಬಲ್ಲರು. ರೋಗಿಯ ಸಂಪರ್ಕವಾಗಿದೆ ಎಂದು ಖಚಿತವಾದರೆ ಆರು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಔಷಧಿ) ಕೊಡುವ ದಾರಿ ಇದೆ, ಅದಕ್ಕೆ ತಡಮಾಡದೆ ತಿಳಿಸಬೇಕು. ಮಕ್ಕಳಿಗೆ ಲಸಿಕೆ ಹಾಕಿಸಿದರೆ ಅದರಿಂದ ಬಸುರಿಗೆ ತಗಲುತ್ತದೆ ಎಂಬ ಮಾತು ಬಂದರೆ ನಂಬಬೇಡಿ. ಮನೆಯ ಮಕ್ಕಳಿಗೆ ಲಸಿಕೆ ಆಗಿರುವುದೇ ಅವರಿಗೆ ಈಗಿರುವ ದೊಡ್ಡ ರಕ್ಷಣೆ.

ಇನ್ನು ನಿಮ್ಮ ಯಜಮಾನರ ಮಾತು. ಗ್ರೂಪಿನ ಬೇರೆಲ್ಲ ವಾದಗಳಿಗಿಂತ ನಾನು ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಅವರು ಹೇಳುತ್ತಿರುವುದು ನಡೆದ ಘಟನೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ (ಎಂಆರ್) ಲಸಿಕೆ ಹಾಕಿಸಿಕೊಂಡ ಮೂರು ಹಸುಗೂಸುಗಳು ತೀರಿಕೊಂಡವು. ಲಸಿಕೆಯನ್ನು ನಿಯಮದ ಪ್ರಕಾರ ಇಡದೆ ಹೋಟೆಲೊಂದರ ಫ್ರಿಜ್ಜಿನಲ್ಲಿ ಇರಿಸಿದ್ದರು ಎಂದು ಆಗ ವರದಿಯಾಯಿತು, ಸಿಬ್ಬಂದಿಯ ಅಮಾನತೂ ಆಯಿತು. ಇದನ್ನೆಲ್ಲ "ವದಂತಿ" ಎಂದು ತಳ್ಳಿಹಾಕುವ ವೈದ್ಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ತಾಯಂದಿರು ನಂಬಿ ಬಂದವರು.

ಅಂಥದ್ದು ಹೇಗೆ ಆಗುತ್ತದೆ ಎಂದು ತಿಳಿದರೆ ಮಾತ್ರ ಭಯಕ್ಕೆ ಒಂದು ಅಳತೆ ಸಿಗುತ್ತದೆ. ಈ ಲಸಿಕೆ ಬಾಟಲಿಯಲ್ಲಿ ಒಣಪುಡಿಯಾಗಿ ಬರುತ್ತದೆ. ಹಾಕುವ ಮೊದಲು ಅದರ ಜೊತೆಗೇ ಬಂದ ದ್ರಾವಣದಲ್ಲಿ ಕಲಸಬೇಕು. ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯುವ ಸಂರಕ್ಷಕ ಇದರಲ್ಲಿ ಇರುವುದಿಲ್ಲ. ಕಲಸಿದ ಬಾಟಲಿಯನ್ನು ತಣ್ಣಗಿಟ್ಟು ನಾಲ್ಕು ಗಂಟೆಯೊಳಗೆ ಬಳಸಿ ಮುಗಿಸಬೇಕು. ಮಿಕ್ಕಿದ್ದನ್ನು, ಎಷ್ಟೇ ಡೋಸ್ ಉಳಿದಿರಲಿ, ಬಿಸಾಡಬೇಕು. ಬೇರೆ ಕೆಲವು ಲಸಿಕೆಗಳ ತೆರೆದ ಬಾಟಲಿಯನ್ನು ಮತ್ತೊಂದು ದಿನಕ್ಕೆ ಇಟ್ಟುಕೊಳ್ಳಬಹುದು, ಇದನ್ನು ಕೂಡದು. ಹಾಗೆ ಇಟ್ಟರೆ, ಇಲ್ಲವೇ ಕೊಳಕು ಸೂಜಿ ತಾಗಿದರೆ, ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಬೆಳೆದು ನಂಜು ಬಿಡುತ್ತದೆ. ಕೆಲವೇ ಗಂಟೆಗಳಲ್ಲಿ ಮಗುವಿಗೆ ವಾಂತಿ, ಭೇದಿ, ಜ್ವರ ಶುರುವಾಗಿ ಕೈಮೀರುತ್ತದೆ. ಇಂಥ ಕಡೆ ಕೊಲ್ಲುವುದು ಆ ನಂಜು.

ಇದರಿಂದ ಹೆದರಿ ಲಸಿಕೆಯನ್ನೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಮೋವಾ ಎಂಬ ಪುಟ್ಟ ದ್ವೀಪದೇಶವನ್ನು ನೋಡಬೇಕು. ಅಲ್ಲಿಯ ಜನಸಂಖ್ಯೆ ಸುಮಾರು ಎರಡು ಲಕ್ಷ. 2018ರ ಜುಲೈನಲ್ಲಿ ಅಲ್ಲಿಯೂ ಎರಡು ಶಿಶುಗಳು ಲಸಿಕೆ ಪಡೆದ ಸ್ವಲ್ಪ ಹೊತ್ತಿನಲ್ಲೇ ಸತ್ತವು. ನರ್ಸ್‌ಗಳು ಪುಡಿಯನ್ನು ಅದರ ದ್ರಾವಣದ ಬದಲು ಅವಧಿ ಮೀರಿದ ಅರಿವಳಿಕೆ ಔಷಧಿಯಲ್ಲಿ ಕಲಸಿದ್ದರು. ಇಬ್ಬರಿಗೂ ಜೈಲಾಯಿತು. ಸರ್ಕಾರ ಕೆಲ ತಿಂಗಳು ಲಸಿಕೆಯನ್ನೇ ನಿಲ್ಲಿಸಿತು. ಮತ್ತೆ ಶುರುವಾದಾಗ ತಾಯ್ತಂದೆಯರು ಹತ್ತಿರ ಬರಲಿಲ್ಲ, ಲಸಿಕೆ ಪಡೆಯುವವರ ಪ್ರಮಾಣ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. 2019ರಲ್ಲಿ ದಡಾರ ಬಂತು. ಸುಮಾರು 5,700 ಮಂದಿಗೆ ರೋಗ, 83 ಸಾವು, ಸತ್ತವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ತಪ್ಪಾಗಿ ಕಲಸಿದ ಔಷಧಿ ಇಬ್ಬರನ್ನು ಕೊಂದಿತ್ತು. "ಗಲಾಟೆ ತಣ್ಣಗಾಗಲಿ" ಎಂದು ಅಲ್ಲಿಯವರೂ ಕಾದಿದ್ದರು.

ಹಾಗಾಗಿ ನಿಮ್ಮ ಯಜಮಾನರಿಗೆ ಭಯಪಡಬೇಡಿ ಎಂದು ಹೇಳುವುದಿಲ್ಲ. ಆ ಭಯವನ್ನು ಇಟ್ಟುಕೊಂಡೇ ನಾಳೆ ನಿಮ್ಮ ಜೊತೆ ಬರಲಿ, ಕಣ್ಣಾರೆ ನೋಡಲಿ. ಬಾಟಲಿ ಯಾವಾಗ ತೆರೆದದ್ದು ಎಂದು ಕೇಳಬಹುದು. ಕಲಸಿದ ದಿನಾಂಕ, ವೇಳೆಯನ್ನು ಅದರ ಮೇಲೆ ಬರೆದಿರಬೇಕು. ಬಾಟಲಿ ಐಸ್‌ಪ್ಯಾಕಿನ ಡಬ್ಬಿಯಲ್ಲಿದೆಯೇ, ಸಿರಿಂಜ್ ಹೊಸ ಪೊಟ್ಟಣದಿಂದ ಬಂತೇ ಎಂದು ನೋಡಬಹುದು. ಸರ್ಕಾರಿ ಕೇಂದ್ರದ ಸಿರಿಂಜ್ ಒಮ್ಮೆ ಬಳಸಿದರೆ ತಾನೇ ಕಚ್ಚಿಕೊಳ್ಳುವಂಥದು, ಎರಡನೇ ಸಲ ಎಳೆಯಲು ಬರುವುದಿಲ್ಲ. ಬಲತೋಳಿಗೆ ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಒಳ್ಳೆಯ ನರ್ಸಮ್ಮ ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬೇಸರಪಟ್ಟರೂ ಕೇಳಿ.

ಲಸಿಕೆ ಆದ ಮಗುವಿಗೂ ಬಂತಲ್ಲ ಎಂಬುದಕ್ಕೆ ಲೆಕ್ಕವೇ ಉತ್ತರ. ಒಂಬತ್ತು ತಿಂಗಳಿಗೆ ಹಾಕಿದ ಒಂದೇ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳನ್ನು ಕಾಯುತ್ತದೆ, ಎರಡೂ ಆಗಿದ್ದರೆ ಸುಮಾರು 97 ಮಕ್ಕಳನ್ನು. ಈಗ ಒಂದು ಶಾಲೆಯಲ್ಲಿ ನೂರು ಮಕ್ಕಳಿದ್ದು 95 ಮಂದಿಗೆ ಎರಡೂ ಡೋಸ್ ಆಗಿದೆ, ಐವರಿಗೆ ಏನೂ ಆಗಿಲ್ಲ ಎಂದುಕೊಳ್ಳಿ. 95ರಲ್ಲಿ ಮೂವರಿಗೆ ಲಸಿಕೆ ನಾಟಿರುವುದಿಲ್ಲ. ರೋಗ ಹೊಕ್ಕರೆ ಹೆಚ್ಚುಕಡಿಮೆ ಎಂಟು ಮಂದಿಗೆ ಬರುತ್ತದೆ, ಅವರಲ್ಲಿ ಮೂವರು ಲಸಿಕೆ ಹಾಕಿಸಿಕೊಂಡವರು. "ಎಂಟರಲ್ಲಿ ಮೂವರಿಗೆ ಲಸಿಕೆ ಆಗಿತ್ತು" ಎಂದಷ್ಟೇ ಗ್ರೂಪಿಗೆ ಬರುತ್ತದೆ. ಉಳಿದ 92 ಮಕ್ಕಳು ಆರಾಮಾಗಿ ಆಡಿಕೊಂಡಿದ್ದಾರೆ ಎಂದು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅಂದಹಾಗೆ ನಿಮ್ಮ ಓಣಿಯ ಆ ಮಗುವಿಗೆ ಆಗಿದ್ದುದು ಒಂದು ಡೋಸೋ ಎರಡೋ ಎಂದು ಒಮ್ಮೆ ವಿಚಾರಿಸಿ.

ಮೈದುನನ ಮಾತಿನಲ್ಲಿ ಅರ್ಧ ನಿಜ. ದಡಾರ ಬಂದು ಹೋದವರಿಗೆ ದಡಾರ ಮತ್ತೆ ಬರುವುದು ಅಪರೂಪ. ಆದರೆ ಉಳಿದ ರೋಗಗಳ ವಿರುದ್ಧ ಮೈ ಕಲಿತಿದ್ದನ್ನು ಅದು ಅಳಿಸಿಹಾಕುತ್ತದೆ, ಶಾನುಭೋಗರ ಕಡತಕ್ಕೆ ಬೆಂಕಿ ಬಿದ್ದ ಹಾಗೆ. ನೆದರ್‌ಲ್ಯಾಂಡ್ಸ್‌ನ ಲಸಿಕೆ ಪಡೆಯದ 77 ಮಕ್ಕಳ ರಕ್ತವನ್ನು ರೋಗ ಬರುವ ಮೊದಲು, ಬಂದ ನಂತರ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ರೋಗಾಣುಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರವರೆಗೆ ನಷ್ಟವಾಗಿತ್ತು. ದಡಾರ ವಾಸಿಯಾದ ಮಗು ಆಮೇಲೆ ತಿಂಗಳುಗಟ್ಟಲೆ ನ್ಯುಮೋನಿಯಾ, ಭೇದಿ, ಕಿವಿಸೋರು ಎಂದು ಸೊರಗುವುದನ್ನು ಹಳೆಯ ಕಾಲದ ಅಜ್ಜಿಯರೂ ಕಂಡಿದ್ದರು. ಇನ್ನೊಂದು ಸಂಗತಿಯನ್ನು ಹೆದರಿಸಲು ಹೇಳುತ್ತಿಲ್ಲ, ಆದರೆ ಏಳು ತಿಂಗಳ ಮಗು ಇರುವ ಮನೆಗೆ ಹೇಳದೆ ಇರಲಾರೆ. ಎಸ್‌ಎಸ್‌ಪಿಇ ಎಂಬ ಮೆದುಳಿನ ಕಾಯಿಲೆ ದಡಾರ ಬಂದು ಸಾಮಾನ್ಯವಾಗಿ 7ರಿಂದ 10 ವರ್ಷಗಳ ನಂತರ ತಲೆಯೆತ್ತುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಹಿಂದೆ ಬೀಳುತ್ತಾನೆ, ಕೈಕಾಲು ಬೆಚ್ಚಿಬಿದ್ದಂತೆ ಅದುರುತ್ತವೆ, ಆಮೇಲೆ ಹಾಸಿಗೆ ಹಿಡಿಯುತ್ತಾನೆ. ಗುಣಪಡಿಸುವ ಔಷಧಿ ಇಲ್ಲ. ಎರಡು ವರ್ಷದೊಳಗೆ ದಡಾರ ಬಂದ ಮಕ್ಕಳಿಗೆ ಇದರ ಅಪಾಯ ಹೆಚ್ಚು. ಅಪರೂಪವೇ ನಿಜ, ಆದರೂ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರಿಗೆ ಇದು ಪುಸ್ತಕದಲ್ಲಿ ಮಾತ್ರ ಇರುವ ಕಾಯಿಲೆಯಲ್ಲ.

ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮಾತನ್ನು ನೀವು ಬರೆದಿಲ್ಲ, ಗ್ರೂಪಿನಲ್ಲಿ ಇಷ್ಟರಲ್ಲಿ ಬಂದೇ ಬರುತ್ತದೆ. 1998ರಲ್ಲಿ ಆ್ಯಂಡ್ರೂ ವೇಕ್‌ಫೀಲ್ಡ್ ಎಂಬ ವೈದ್ಯ 12 ಮಕ್ಕಳನ್ನು ಇಟ್ಟುಕೊಂಡು ಬರೆದ ಲೇಖನದಿಂದ ಹುಟ್ಟಿದ ಮಾತದು. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್ ಬ್ರಿಟನ್ನಿನಲ್ಲಿ ವೈದ್ಯವೃತ್ತಿಯ ನೋಂದಣಿ ಕಳೆದುಕೊಂಡರು. ಡೆನ್ಮಾರ್ಕ್‌ನಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಮೇಲೂ ಸಂಬಂಧ ಕಾಣಲಿಲ್ಲ. ಪುಷ್ಯ ನಕ್ಷತ್ರದ ದಿನ ಸುವರ್ಣಪ್ರಾಶನ ಹಾಕಿಸುವವರು ಹಾಕಿಸಿಕೊಳ್ಳಲಿ, ದಡಾರವನ್ನು ತಡೆಯುವ ಕೆಲಸ ಅದರಿಂದ ಆಗದು. ಹೋಮಿಯೋಪತಿ ಗುಳಿಗೆಗೂ ಇದೇ ಉತ್ತರ.

ಅತ್ತೆಯವರ ಜೊತೆ ವಾದಕ್ಕಿಳಿಯಬೇಡಿ. ಅವರ ಪದ್ಧತಿಯಲ್ಲಿ ನಾನು ಉಳಿಸಿಕೊಳ್ಳುವುದು ಬಹಳ ಇದೆ. ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸುವುದು, ಬಾಗಿಲಿಗೆ ಬೇವು ಸಿಕ್ಕಿಸಿ ಹೊರಗಿನವರನ್ನು ತಡೆಯುವುದು, ಗದ್ದಲ ಬೆಳಕು ಕಡಿಮೆ ಮಾಡುವುದು, ಎಳನೀರು ಮಜ್ಜಿಗೆ ಕೊಡುವುದು ಎಲ್ಲ ಸರಿಯೇ. ದದ್ದು ಎದ್ದ ನಂತರದ ನಾಲ್ಕು ದಿನ ಹೊರಗೆ ಬಿಡದಿರುವುದನ್ನೇ ನಾವೂ ಹೇಳುವುದು. ಒಗ್ಗರಣೆ ಹಾಕದಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ಅಮ್ಮ ಮುನಿಯುತ್ತಾಳೆ ಎಂದು ಆಸ್ಪತ್ರೆಗೆ ಒಯ್ಯದಿರುವುದು, ಊಟ ನಿಲ್ಲಿಸುವುದು ಇವೆರಡರಿಂದ ಮಕ್ಕಳು ಹೋಗುತ್ತವೆ. ದಡಾರ ಬಂದ ಮಗುವಿಗೆ ವಯಸ್ಸಿಗೆ ತಕ್ಕ ಪ್ರಮಾಣದ ವಿಟಮಿನ್ ಎ ಎರಡು ದಿನ ಕೊಡಿಸಲೇಬೇಕು. ಅದು ಕಣ್ಣನ್ನೂ ಜೀವವನ್ನೂ ಉಳಿಸುತ್ತದೆ, ಲಸಿಕೆಗೆ ಬದಲಿಯಲ್ಲ. ಉಸಿರು ಏದುಸಿರಾದರೆ, ಎದೆ ಒಳಕ್ಕೆ ಸೆಳೆದರೆ, ಮಗು ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ಏಳದೆ ಮಂಪರಿನಲ್ಲಿದ್ದರೆ ಕೂಡಲೇ ಹೊರಡಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ "ದಡಾರ ಇರಬಹುದು" ಎಂದು ಹೇಳಿ, ಹೊರರೋಗಿಗಳ ಸಾಲಿನಲ್ಲಿ ಬೇರೆ ಹಸುಗೂಸುಗಳ ಪಕ್ಕ ಕೂರುವುದು ತಪ್ಪುತ್ತದೆ. ಸೀಮಂತ ಮಾಡಿ ಕರೆತಂದ ಮಗಳು ಮನೆಯಲ್ಲಿದ್ದಾಳೆ ಎಂಬ ಒಂದು ಮಾತು ಅತ್ತೆಯವರ ಮನಸ್ಸಿಗೆ ನನ್ನ ಎಲ್ಲ ಅಂಕಿಗಳಿಗಿಂತ ಬೇಗ ಮುಟ್ಟೀತು.

ಗ್ರೂಪಿಗೆ ಬರೋಣ. ಅಲ್ಲಿ ದಿನವೂ ಜೋರು ಮಾಡುವವರು ಮೂರೋ ನಾಲ್ಕೋ ಮಂದಿ ಇರಬೇಕು. ಅವರನ್ನು ಒಪ್ಪಿಸುವ ಉಸಾಬರಿ ಬೇಡ, ಸಾರ್ವಜನಿಕವಾಗಿ ಸೋಲಲು ಯಾರೂ ತಯಾರಿರುವುದಿಲ್ಲ. ನನ್ನ ಅನುಭವದಲ್ಲಿ ಡೋಸ್ ತಪ್ಪಿದ ಮಕ್ಕಳ ಪೈಕಿ ಹೆಚ್ಚಿನವರ ಮನೆಯಲ್ಲಿ ವಿರೋಧವೇ ಇರುವುದಿಲ್ಲ. ಆ ದಿನ ಜ್ವರ ಇತ್ತು, ಊರಿಗೆ ಹೋಗಿದ್ದೆವು, ಕಾರ್ಡ್ ಕಳೆಯಿತು, ಕೂಲಿ ತಪ್ಪಿಸಲಾಗಲಿಲ್ಲ, ಒಂದು ಆಗಿದೆಯಲ್ಲ ಸಾಕು ಎಂದುಕೊಂಡೆವು. ನಿಮ್ಮ ಮಗಳದೂ ಇದೇ ಕತೆ. ಗ್ರೂಪಿನಲ್ಲಿ ಬಾಯಿ ತೆರೆಯದೆ ಓದುತ್ತಿರುವವರಲ್ಲಿ ಇಂಥವರೇ ತುಂಬಿರುತ್ತಾರೆ. ಅವರಿಗಾಗಿ ಬರೆಯಿರಿ: "ನನ್ನ ಮಗಳದೂ ಎರಡನೇ ಡೋಸ್ ಉಳಿದುಬಿಟ್ಟಿತ್ತು, ಈವತ್ತು ಹಾಕಿಸಿಕೊಂಡು ಬಂದೆ. ಇಂಥ ಕೇಂದ್ರ, ಇಷ್ಟು ಗಂಟೆಗೆ, ಕಾರ್ಡ್ ಇಲ್ಲದಿದ್ದರೂ ಹಾಕಿದರು. ನಿಮ್ಮ ಮಕ್ಕಳ ಕಾರ್ಡಿನಲ್ಲಿ ಎಂಆರ್-2 ಎಂಬಲ್ಲಿ ದಿನಾಂಕ ಇದೆಯಾ ನೋಡಿ." ಅಷ್ಟೇ ಸಾಕು. ವಾದಕ್ಕೆ ಕರೆದರೆ ಹೋಗಬೇಡಿ. ಶಾಲೆಯ ಮುಖ್ಯಶಿಕ್ಷಕರ ಹತ್ತಿರ ಮಾತಾಡಿ, ಜ್ವರ ಮತ್ತು ದದ್ದು ಇರುವ ಮಕ್ಕಳನ್ನು ಮನೆಗೆ ಕಳಿಸಿ ಆರೋಗ್ಯ ಇಲಾಖೆಗೆ ತಿಳಿಸುವಂತೆ ಕೇಳಿಕೊಳ್ಳಿ. ಯಾವ ಮನೆಯ ಮಗು, ಯಾವ ಜಾತಿ, ಎಲ್ಲಿಂದ ವಲಸೆ ಬಂದವರು ಎಂಬ ಚರ್ಚೆ ಶುರುವಾದರೆ ಮಾತ್ರ ಅಲ್ಲಿಯೇ ತಡೆಯಿರಿ. ಹೆಸರು ಬಯಲಾಗುತ್ತದೆ ಎಂದಾದರೆ ಮುಂದಿನ ಮನೆಯವರು ರೋಗವನ್ನು ಬಚ್ಚಿಡುತ್ತಾರೆ.

ಕೊನೆಗೆ ಒಂದು ಎಚ್ಚರಿಕೆ. ಲಸಿಕೆ ಆದ 7ರಿಂದ 12 ದಿನಗಳ ನಡುವೆ ಕೆಲವು ಮಕ್ಕಳಿಗೆ ಜ್ವರ, ಒಂದಷ್ಟು ಮಂದಿಗೆ ಸಣ್ಣ ದದ್ದೂ ಬರುತ್ತದೆ. ಎರಡನೇ ಡೋಸಿಗೆ ಇದು ಕಡಿಮೆ, ಜೀರೋ ಡೋಸ್ ಪಡೆದ ಮಗನಿಗೆ ಬರಬಹುದು. ಒಂದೆರಡು ದಿನ ಇದ್ದು ಹೋಗುತ್ತದೆ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು, ಆ್ಯಸ್ಪಿರಿನ್ ಬೇಡ. ಆದರೆ ಊರಲ್ಲಿ ದಡಾರ ಇರುವಾಗ ಅದು ಲಸಿಕೆಯದೋ ರೋಗದ್ದೋ ಎಂದು ನೋಡಿದರೆ ತಿಳಿಯುವುದಿಲ್ಲ. ಕೆಮ್ಮು, ಕೆಂಪು ಕಣ್ಣು ಜೊತೆಗಿದ್ದರೆ ವೈದ್ಯರಿಗೆ ತೋರಿಸಿ, ಲಸಿಕೆ ಹಾಕಿಸಿದ ದಿನಾಂಕವನ್ನು ಮೊದಲೇ ಹೇಳಿ, ರಕ್ತದ ಮಾದರಿ ಕೇಳಿದರೆ ಕೊಡಿ. ಮಗನ ಒಂಬತ್ತು ತಿಂಗಳ ಡೋಸಿನ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಜೀರೋ ಡೋಸಿಗೂ ಅದಕ್ಕೂ ನಡುವೆ ಕನಿಷ್ಠ ನಾಲ್ಕು ವಾರ ಅಂತರ ಇರಬೇಕು.